ಕರೀ ಪೆಟ್ಟಿಗೆ ಗುಜರಿಗೆ ಹೋಗಲ್ಲ

ಈ ಸಲ ಹುಳಿಪುಡಿ ಅಳತೆನೂ ಇಲ್ಲ, ಉಪ್ಪಿನಕಾಯಿ ಬೂಷ್ಟು ಹಿಡಿಯೋ ಗೋಳೂ ಇಲ್ಲ. ಈ ಸಲ ಜಗಳ ಆಡೋಕೆ ಕೂತಿದೀನಿ. ನಮ್ಮನೆ ಟೀವಿ ಕೆಳಗೆ ಒಂದು ಕರೀ ಪೆಟ್ಟಿಗೆ ಇದೆಯಲ್ಲ, ಹುಡುಗರು ಪಿಎಸ್ ಟೂ ಅಂತಾರಲ್ಲ, ಅದನ್ನ ನೋಡಿದೋರೆಲ್ಲ ಕೇಳೋದು ಒಂದೇ ಮಾತು. "ಇನ್ನೂ ಇಟ್ಕೊಂಡಿದೀರಾ? ಗುಜರಿಗೆ ಹಾಕ್ಬಾರ್ದಾ?" ವೈಟ್‌ಫೀಲ್ಡಿನ ನಾದಿನಿ ಅಂದಳು, ಮೇಲ್ಗಡೆ ಮನೆಯೋರು ಅಂದ್ರು. ನಮ್ಮ ಓರಗಿತ್ತಿ ಅಂತೂ "ಅಕ್ಕಾ, ಮಗ ಎಲೆಕ್ಟ್ರಾನಿಕ್ ಸಿಟೀಲಿ ಇಂಜಿನಿಯರು, ಮನೇಲಿ ನೋಡಿದ್ರೆ ಈ ಹಳೇ ಡಬ್ಬ, ಬಂದೋರು ಏನಂದ್ಕೋತಾರೆ" ಅಂತ ಮುಖಕ್ಕೇ ಹೇಳಿದಳು. ಎಲ್ಲರಿಗೂ ಒಟ್ಟಿಗೆ ಇಲ್ಲೇ ಉತ್ತರ ಬರೀತೀನಿ. ಹಾಕಲ್ಲ. ಯಾಕೆ ಹಾಕಲ್ಲ ಅಂತ ಹೇಳ್ತೀನಿ, ಅದರ ಹುಳುಕನ್ನೂ ಮುಚ್ಚಿಡದೆ ಹೇಳ್ತೀನಿ. ಎದುರು ಮಾತಿದ್ರೆ ಮನೆಗೇ ಬಂದು ಆಡಿ, ಕಾಫಿ ಕೊಡ್ತೀನಿ.

ಮೊದಲು ಅದೇನು ಅಂತ ಗೊತ್ತಿಲ್ಲದೋರಿಗೆ. ಸೋನಿ ಕಂಪನಿಯೋರ ಪ್ಲೇಸ್ಟೇಷನ್ 2 ಅದು. ಜಪಾನಲ್ಲಿ 2000ನೇ ಇಸವಿ ಮಾರ್ಚಲ್ಲಿ ಮಾರಾಟಕ್ಕೆ ಬಂತು, ತಯಾರಿ ನಿಂತಿದ್ದು 2012ರ ಕೊನೇಲಿ. ಅಷ್ಟರಲ್ಲಿ ಪ್ರಪಂಚದಲ್ಲೆಲ್ಲ 15 ಕೋಟಿಗೂ ಮೇಲೆ ಖರ್ಚಾಗಿತ್ತು. ಇಷ್ಟು ಜನ ಕೊಂಡ ಆಟದ ಪೆಟ್ಟಿಗೆ ಇನ್ನೊಂದಿಲ್ಲ. ನಮ್ಮದು ಆಮೇಲೆ ಬಂದ ತೆಳ್ಳಗಿನ ನಮೂನೆ, ಒಂದು ದಪ್ಪ ಪುಸ್ತಕದಷ್ಟೇ ಇದೆ. ನಮ್ಮ ಯಜಮಾನ್ರು ಪೀಣ್ಯದ ಕಾರ್ಖಾನೇಲಿದ್ದಾಗ ಜೊತೆ ಕೆಲಸದೋರೊಬ್ಬರ ಹತ್ರ ಸೆಕೆಂಡ್ ಹ್ಯಾಂಡಲ್ಲಿ ತಂದಿದ್ದು, ಮೂರೂವರೆ ಸಾವಿರ ಕೊಟ್ಟು. ಮಗ ಆಗ ಎಂಟನೇ ಕ್ಲಾಸು. ಈಗ ಅವನಿಗೆ ಮದುವೆ ವಯಸ್ಸು.

ಈಗ ಕಾಸಿನ ಮಾತಿಗೆ ಬರ್ತೀನಿ. ಇದರ ಮೊಮ್ಮಗ ಪಿಎಸ್ 5 ಅಂತ ಇದೆ. ನಮ್ಮ ದೇಶಕ್ಕೆ 2021ರ ಫೆಬ್ರವರೀಲಿ ಬಂದಾಗ 49,990 ರೂಪಾಯಿ ಇತ್ತು, ಮಾರನೇ ವರ್ಷ 54,990 ಮಾಡಿದ್ರು. ಮೇಲೆ ಒಂದೊಂದು ಹೊಸ ದೊಡ್ಡ ಆಟಕ್ಕೆ ನಾಲ್ಕೈದು ಸಾವಿರ. ನೆಟ್ಟಲ್ಲಿ ಸ್ನೇಹಿತರ ಜೊತೆ ಆಡಬೇಕು ಅಂದ್ರೆ ಹೆಚ್ಚಿನ ಆಟಕ್ಕೆ ಚಂದಾನೂ ಕಟ್ಟಬೇಕು. ಅದರಲ್ಲೇ ಇನ್ನೊಂದು ನಮೂನೆ ಇದೆ, ಅದಕ್ಕೆ ಡಿಸ್ಕ್ ಹಾಕೋ ಬಾಯೇ ಇಲ್ಲ. ಆಟ ನೆಟ್ಟಿಂದಲೇ ಇಳಿಸ್ಕೋಬೇಕು. ನಾದಿನಿ ಮನೇಲಿರೋದು ಅಂಥದ್ದೇ. ಅವಳ ಮಗ ಆಡಿ ಮುಗಿಸಿದ ಆಟ ನಮ್ಮ ಹುಡುಗನಿಗೆ ಎರವಲು ಕೊಡೋಕಾಗಲ್ಲ, ಮಾರೋಕಾಗಲ್ಲ. ನಾಲ್ಕು ಸಾವಿರ ಕೊಟ್ಟು ಕೊಂಡ ವಸ್ತುನ ಪಕ್ಕದ ಮನೆಗೆ ಒಂದು ವಾರದ ಮಟ್ಟಿಗೆ ಕೊಡೋಕಾಗಲ್ಲ ಅಂದ್ರೆ ಅದನ್ನ ಕೊಂಡಂಗೆ ಏನ್ರೀ? ಆನೆ ಕೊಟ್ಟು ಅಂಕುಶ ಅಂಗಡಿಯೋನೇ ಇಟ್ಕೊಂಡಂಗೆ.

ನಮ್ಮ ಬೀದೀಲಿ ದೊಡ್ಡ ಇಡ್ಲಿ ಪಾತ್ರೆ ಎಷ್ಟಿದೆ? ಒಂದು. ಎಷ್ಟು ಮನೆ ನಾಮಕರಣ ಅದರಲ್ಲಿ ನಡೆದಿದೆ ಲೆಕ್ಕ ಹಾಕಿ. ನಮ್ಮ ಡಿಸ್ಕ್‌ಗಳೂ ಹಾಗೇನೆ. 23 ಡಿಸ್ಕ್ ಇವೆ, ಯಾವುದು ಯಾರ ಮನೇಲಿದೆ ಅಂತ ಹಾಲಿನ ಲೆಕ್ಕದ ಪುಸ್ತಕದ ಹಿಂದಿನ ಹಾಳೇಲಿ ಬರೆದಿಡ್ತೀನಿ. ಇವತ್ತಿನ ತನಕ ಕಳೆದಿರೋದು ಎರಡೇ. ಹೆಂಗಸರು ಸಂಸಾರ ತೂಗಿಸೋದೇ ಹೀಗೆ, ಒಂದು ವಸ್ತು ಹತ್ತು ಮನೆಗೆ ಆಗಬೇಕು. ಎರವಲು ಕೊಡೋಕಾಗದ ವಸ್ತುನ ಮನೆಗೆ ತರೋ ಮುಂಚೆ ನಾನು ಹತ್ತು ಸಲ ಯೋಚನೆ ಮಾಡ್ತೀನಿ.

ಕರೆಂಟಿನ ಲೆಕ್ಕಾನೂ ನೋಡ್ಬಿಡಿ. ನಮ್ಮದು ಆಡೋವಾಗ ತಗೊಳ್ಳೋದು 50 ವ್ಯಾಟ್ ಒಳಗೆ, ಹಳೇ ಸೀಲಿಂಗ್ ಫ್ಯಾನಿಗಿಂತ ಕಮ್ಮಿ. ಹೊಸದು ದೊಡ್ಡ ಆಟ ಆಡಿಸೋವಾಗ 200 ವ್ಯಾಟ್ ಆಸುಪಾಸು ನುಂಗತ್ತೆ.

ಇಷ್ಟು ಹೇಳಿದ್ರೆ ಓರಗಿತ್ತಿ ಅಂತಾಳೆ, "ಅಕ್ಕಾ, ಯಾರು ಪೆಟ್ಟಿಗೆ ಕೊಳ್ತಾರೆ ಈಗ, ಫೋನಲ್ಲೇ ಪುಕ್ಕಟೆ ಆಟ ಸಿಗತ್ತಲ್ಲ." ನನ್ನ ಜಗಳದ ಮುಖ್ಯ ವಿಷಯ ಇದೇ ಕಣ್ರಮ್ಮಾ, ಸ್ವಲ್ಪ ಗಮನ ಕೊಟ್ಟು ಓದಿ.

ನಮ್ಮ ಹಿಂದಿನ ಬೀದಿಯ ಒಬ್ಬ ಹುಡುಗ, ಹೆಸರು ಬೇಡ, ಪಿಯುಸಿ ಓದ್ತಿದ್ದ. ಫೋನಲ್ಲಿ ಇಸ್ಪೀಟಿನ ಆಟ. ಅದೂ ಶುರುವಲ್ಲಿ ಪುಕ್ಕಟೆಯೇ. ಅವರಮ್ಮ ಗಾರ್ಮೆಂಟ್ಸಲ್ಲಿ ದುಡಿದು ಚೀಟಿಗೆ ಕಟ್ಟೋಕೆ ಖಾತೇಲಿಟ್ಟಿದ್ದ 18 ಸಾವಿರ ಹದಿನೈದು ದಿನದಲ್ಲಿ ಹೋಯ್ತು, ನೂರು, ಇನ್ನೂರು, ಐನೂರು ಅಂತ. ಪಿನ್ ನಂಬರು ಅಮ್ಮನೇ ಹೇಳಿಕೊಟ್ಟಿದ್ದು, ಸಾಮಾನು ತರೋಕೆ ಅಂತ. ಅವಳು ನಮ್ಮ ಅಡುಗೆಮನೆ ಹೊಸ್ತಿಲಲ್ಲಿ ಕೂತು ಅತ್ತಿದ್ದನ್ನ ನಾನು ಮರೆಯಲ್ಲ. ಅವಳಿಗೆ ಜನ ಹೇಳಿದ್ದೇನು ಗೊತ್ತಾ? "ಮಗನ್ನ ಸರಿಯಾಗಿ ನೋಡ್ಕೋಬೇಕಿತ್ತು." ಹತ್ತು ಗಂಟೆ ಹೊರಗೆ ದುಡಿಯೋಳು ಮಗನ ಜೇಬಲ್ಲಿರೋ ಜೂಜುಕಟ್ಟೆನ ಹೇಗ್ರೀ ನೋಡ್ಕೋತಾಳೆ?

ಸರ್ಕಾರ ಏನೂ ಮಾಡಿಲ್ಲ ಅಂತಲ್ಲ. ನಮ್ಮ ರಾಜ್ಯ 2021ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಕಾಸು ಕಟ್ಟಿ ಆಡೋ ಆನ್‌ಲೈನ್ ಆಟ ನಿಲ್ಲಿಸೋಕೆ ಹೋಯ್ತು. 2022ರ ಫೆಬ್ರವರಿ 14ಕ್ಕೆ ಹೈಕೋರ್ಟು ಅದರ ಮುಖ್ಯ ಕಲಮುಗಳನ್ನ ಹೊಡೆದುಹಾಕ್ತು. ಆಮೇಲೆ 2025ರ ಆಗಸ್ಟಲ್ಲಿ ಪಾರ್ಲಿಮೆಂಟಲ್ಲಿ ಕೇಂದ್ರದ ಕಾಯ್ದೆ ಪಾಸಾಯ್ತು, ಕಾಸಿಟ್ಟು ಕಾಸು ಗೆಲ್ಲೋ ಆನ್‌ಲೈನ್ ಆಟ ನಡೆಸಬಾರದು ಅಂತ. ಒಳ್ಳೇದಾಯ್ತು. ಆದ್ರೆ ಪುಕ್ಕಟೆ ಅಂತ ಒಳಗೆ ಕರೆದು, ಆಮೇಲೆ ಗೊಂಬೆಗೆ ಬಟ್ಟೆ, ಬಂದೂಕಿಗೆ ಬಣ್ಣ, ವಜ್ರ, ನಾಣ್ಯ ಅಂತ ಮಾರೋ ಆಟಗಳು ಇನ್ನೂ ಹಾಗೇ ಇವೆ. ಅಲ್ಲಿ ಕಾಸು ವಾಪಸ್ ಗೆಲ್ಲೋ ಆಸೆ ಇಲ್ಲ, ಅಷ್ಟೇ ವ್ಯತ್ಯಾಸ. ಅಮ್ಮನ ಖಾತೆಯಿಂದ ಹೋಗೋದು ಹೋಗತ್ತೆ.

ನಮ್ಮ ಕರೀ ಪೆಟ್ಟಿಗೆಗೆ ಪಿನ್ ನಂಬರು ಗೊತ್ತಿಲ್ಲ. ಓಟಿಪಿ ಕೇಳಲ್ಲ. ನಾವು ನೆಟ್ಟಿನ ವೈರು ಚುಚ್ಚೇ ಇಲ್ಲ. ಮಧ್ಯದಲ್ಲಿ ಸಾಲ ಕೊಡ್ತೀವಿ ಅನ್ನೋ ಜಾಹೀರಾತು ಬರಲ್ಲ. ಡಿಸ್ಕಲ್ಲಿ ಎಷ್ಟಿದೆಯೋ ಅಷ್ಟೇ ಆಟ. ರಾತ್ರಿ ಹನ್ನೊಂದಕ್ಕೆ "ಬೇಗ ಬಾ, ಬಹುಮಾನ ಹೋಗ್ತಿದೆ" ಅಂತ ಫೋನಿನ ಥರ ಕೂಗಲ್ಲ. ಸ್ವಿಚ್ ಆರಿಸಿದ್ರೆ ಆರತ್ತೆ.

ಇನ್ನೊಂದು, ಅದು ಇರೋದು ಹಾಲಲ್ಲಿ. ಅಡುಗೆಮನೆಯಿಂದ ನನಗೆ ಕಾಣತ್ತೆ, ಕೇಳಿಸತ್ತೆ. ಇಬ್ಬರು ಅಕ್ಕಪಕ್ಕ ಕೂತು ಆಡಬೇಕು. ಸೋತೋನು ಯಾರು, ಮೋಸ ಮಾಡಿದೋನು ಯಾರು, ಎಲ್ಲ ಎದುರಿಗೇ. ವೈಟ್‌ಫೀಲ್ಡಲ್ಲಿ ನಾದಿನಿ ಮನೇಲಿ ಮೂರು ರೂಮಲ್ಲಿ ಮೂರು ಜನ ಮೂರು ಆಟ ಆಡ್ತಾರೆ, ಊಟಕ್ಕೆ ಕರೆಯೋಕೆ ಅವಳು ವಾಟ್ಸ್ಯಾಪಲ್ಲಿ ಮೆಸೇಜ್ ಹಾಕ್ತಾಳೆ. ನಾದಿನೀ, ಕೋಪ ಮಾಡ್ಕೋಬೇಡ, ನೀನೇ ನನ್ನ ಹತ್ರ ಹೇಳಿದ್ದು ಇದು.

ಈಗ ಹುಳುಕು. ಒಂದೊಂದಾಗಿ ಹೇಳ್ತೀನಿ.

ಹೊಸ ಟೀವಿಗಳಲ್ಲಿ ಹಳದಿ ಕೆಂಪು ಬಿಳಿ ಪಿನ್ನು ಹಾಕೋ ತೂತೇ ಇರಲ್ಲ ಎಷ್ಟೋ ಸಲ. ಎಚ್‌ಡಿಎಂಐಗೆ ಬದಲಾಯಿಸೋ ಸಣ್ಣ ಡಬ್ಬಿ ಬೇಕು, ಎಸ್ಪಿ ರೋಡಲ್ಲಿ ಸಿಗತ್ತೆ. ಹಾಕಿದ್ರೂ ದೊಡ್ಡ ಟೀವೀಲಿ ಚಿತ್ರ ಮಬ್ಬು ಮಬ್ಬು. ನಾವು ಅದಕ್ಕೇ ಹಳೇ ದಪ್ಪ ಟೀವಿ ಕೊಟ್ಟಿಲ್ಲ.

ಡಿಸ್ಕಲ್ಲಿ ಗೀಟು ಬಿದ್ರೆ ಓದಲ್ಲ. ಸೆರಗಲ್ಲಿ ಸುತ್ತ ಸುತ್ತ ಒರೆಸ್ತಾರೆ ನಮ್ಮ ಹೆಂಗಸರು, ಹಾಗೆ ಮಾಡಬಾರದು. ಮೆತ್ತನೆ ಹತ್ತಿ ಬಟ್ಟೇಲಿ ನಡುವಿಂದ ಅಂಚಿನ ಕಡೆಗೆ ನೇರ ಒರೆಸಬೇಕು. ಒಳಗಿನ ಲೆನ್ಸೂ ವರ್ಷಗಳಾದಂತೆ ಸವೀತದೆ. ಪೀಣ್ಯದ ಧೂಳು ಗೊತ್ತಲ್ಲ, ಬೆಳಿಗ್ಗೆ ಒರೆಸಿದ್ರೆ ಸಂಜೆ ಬೆರಳಲ್ಲಿ ರಂಗೋಲಿ ಬಿಡಬಹುದು. ನಾನು ಹಳೇ ದಿಂಬಿನ ಕವರು ಹೊದಿಸಿರ್ತೀನಿ, ಆಡೋವಾಗ ಮಾತ್ರ ತೆಗೀಬೇಕು, ಇಲ್ಲಾಂದ್ರೆ ಕಾವು ಕಟ್ಟತ್ತೆ.

ಆಟ ಎಲ್ಲೀವರೆಗೆ ಆಯ್ತು ಅಂತ ನೆನಪಿಡೋ ಕಾರ್ಡು 8 ಎಂಬಿ. ಈಗಿನ ಫೋನಿನ ಒಂದೆರಡು ಫೋಟೋಗೆ ತುಂಬಿಹೋಗತ್ತೆ ಅಷ್ಟು. ಸೇವ್ ಮಾಡೋ ಮುಂಚೆ ಕರೆಂಟು ಹೋಯ್ತೋ, ಅಷ್ಟೂ ಹೋಯ್ತು, ಮನೇಲಿ ರಂಪ. ಒಳಗಿನ ಬಟನ್ ಸೆಲ್ಲು ಸತ್ತರೆ ದಿನಾಂಕ ಟೈಮು ಮರೆತುಬಿಡತ್ತೆ.

ಡಿವಿಡಿ ಹಾಕತ್ತೆ, ವಿಸಿಡಿ ಹಾಕಲ್ಲ. ನಮ್ಮನೇಲಿ ಅಣ್ಣಾವ್ರ ಸಿನಿಮಾ ಅರ್ಧ ವಿಸಿಡೀಲಿವೆ, ಅವು ಪೆಟ್ಟಿಗೇಲಿ ಬಂದ ಹಾಗೇ ಕೂತಿವೆ.

ಕನ್ನಡ ಒಂದಕ್ಷರ ಇಲ್ಲ. ಇದು ನನಗೆ ನಿಜವಾಗಿ ಹೊಟ್ಟೆ ಉರಿಸೋ ವಿಷಯ. 2009ರಲ್ಲಿ ಹೈದರಾಬಾದಿನೋರು ಇದಕ್ಕೆ ಅಂತಲೇ ಎರಡು ಆಟ ಮಾಡಿದ್ರು. ಒಂದು ದೇಸಿ ಅಡ್ಡಾ, ಅದರಲ್ಲಿ ಚಿನ್ನಿದಾಂಡು, ಕಬಡ್ಡಿ, ಗಾಳಿಪಟ ಎಲ್ಲ ಇದೆ. ಇನ್ನೊಂದು ಹನುಮಂತನ ಆಟ. ದೇವರನ್ನ ಗುಂಡಿ ಒತ್ತಿ ಕುಣಿಸೋದಾ ಅಂತ ಅಮೆರಿಕದಲ್ಲಿ ಒಬ್ಬರು ಆಕ್ಷೇಪಣೆನೂ ಎತ್ತಿದ್ರು. ಪಕ್ಕದ ಊರಲ್ಲಿ ಅಷ್ಟಾಯ್ತು. ಇಷ್ಟು ಇಂಜಿನಿಯರ್‌ಗಳು ತುಂಬಿರೋ ನಮ್ಮ ಬೆಂಗಳೂರಲ್ಲಿ ಈ ಪೆಟ್ಟಿಗೆಗೆ ಅಂತ ಕನ್ನಡದ ಆಟ ಒಂದನ್ನೂ ನಾನು ಕಾಣಲಿಲ್ಲ.

ಕೊನೇದು ದೊಡ್ಡ ಹುಳುಕು. ಕೆಟ್ಟ ಆಟಗಳೂ ಇದಕ್ಕೆ ಇವೆ. ಕಾರು ಕದಿಯೋದು, ಜನರನ್ನ ಹೊಡೆದುಹಾಕೋದು. ಸ್ಯಾನ್ ಆಂಡ್ರಿಯಾಸ್ ಅಂತ 2004ರ ಆಟ ಒಂದು ಬೆಂಗಳೂರಿನ ಹುಡುಗರ ಬಾಯಲ್ಲೆಲ್ಲ ಇತ್ತು. ಆದ್ರೆ ಕವರಿನ ಮೇಲೆ 18 ಅಂತ ಹಾಕಿರ್ತಾರೆ. ಅಂಥ ಡಿಸ್ಕ್ ನಮ್ಮನೇಲಿ ಬೀರು ಒಳಗೆ ರೇಷ್ಮೆ ಸೀರೆ ಕೆಳಗೆ ಇರತ್ತೆ, ಬೀಗದ ಕೈ ನನ್ನ ಹತ್ರ. ಡಿಸ್ಕಿಗೆ ಬೀಗ ಹಾಕಬಹುದು. ಫೋನಿಗೆ ಹಾಕಿ ನೋಡೋಣ, ನಿಮ್ಮ ಮಗನೇ ನಿಮಗೆ ಪಾಸ್‌ವರ್ಡ್ ಹೇಳಿಕೊಡಬೇಕು.

ಇನ್ನು ಉಪರಿ ಉಪಯೋಗ. ಡಿವಿಡಿ ಆಯ್ತು. ಅತ್ತೆಯವರ ಭಜನೆ ಆಡಿಯೋ ಸಿಡಿ ಬೆಳಿಗ್ಗೆ ಅದರಲ್ಲೇ ಹಾಡತ್ತೆ. 2003ರಲ್ಲಿ ಐಟಾಯ್ ಅಂತ ಇದಕ್ಕೊಂದು ಕ್ಯಾಮೆರಾ ಬಂತು. ಟೀವಿ ಮೇಲಿಟ್ಟು ಎದುರು ನಿಂತರೆ ನಾವೇ ಟೀವೀಲಿ ಕಾಣ್ತೀವಿ, ಕೈ ಬೀಸಿ ಆಡಬೇಕು. ಅದರಲ್ಲಿ ಒಂದು ಆಟ ಕಿಟಕಿ ಒರೆಸೋದು! ನಗಬೇಡಿ. ನನ್ನ ಬಲಗೈ ಭುಜ ಹಿಡ್ಕೊಂಡಾಗ ವ್ಯಾಯಾಮದೋರು ಕೈ ಮೇಲೆತ್ತಿ ಬೀಸಿ ಅಂದಿದ್ರು. ಗೋಡೆ ನೋಡ್ಕೊಂಡು ಬೀಸೋಕೆ ಬೇಜಾರು, ಇದರಲ್ಲಿ ಹತ್ತು ನಿಮಿಷ ಹೋಗಿದ್ದೇ ಗೊತ್ತಾಗಲ್ಲ. ಲಕ್ವ ಹೊಡೆದೋರ ವ್ಯಾಯಾಮಕ್ಕೆ ಇದು ಒದಗತ್ತಾ ಅಂತ ಇಸ್ರೇಲಿನ ಸಂಶೋಧಕರು ಪರೀಕ್ಷೆ ಮಾಡಿ 2008ರಲ್ಲಿ ಬರೆದಿದಾರೆ. ಕೈಲಿ ಸ್ವಲ್ಪ ಬಲ ಇರೋರಿಗೆ ಆಗತ್ತೆ, ತೀರಾ ಬಲ ಇಲ್ಲದೋರಿಗೆ ಕಷ್ಟ ಆಗತ್ತೆ. ಡಾಕ್ಟರನ್ನ ಕೇಳದೆ ಯಾರೂ ಶುರು ಮಾಡಬೇಡಿ. ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದೋರು 2003ರಲ್ಲಿ ಇಂಥ ಪೆಟ್ಟಿಗೆ 60ಕ್ಕೂ ಹೆಚ್ಚು ಜೋಡಿಸಿ ವಿಜ್ಞಾನದ ಲೆಕ್ಕ ಮಾಡೋ ದೊಡ್ಡ ಕಂಪ್ಯೂಟರೇ ಕಟ್ಟಿದ್ರು. ತಗಡು ಡಬ್ಬ ಅನ್ನೋರು ಇದನ್ನ ಎರಡು ಸಲ ಓದಿ.

ನನ್ನದೇ ಉಪಯೋಗ ಒಂದಿದೆ. ಮಧ್ಯಾಹ್ನ ಮೂರಕ್ಕೆ ಪಾತ್ರೆ ತೊಳೆದಾದ ಮೇಲೆ ನಾನೇ ಆಡ್ತೀನಿ. ಗ್ರಾನ್ ಟುರಿಸ್ಮೊ 4, ಕಾರಿನ ರೇಸು. ಲೈಸೆನ್ಸ್ ಪರೀಕ್ಷೆ ಪಾಸಾಗದೆ ದೊಡ್ಡ ರೇಸಿಗೆ ಬಿಡಲ್ಲ ಅದು. ತುಮಕೂರು ರಸ್ತೇಲಿ ಲಾರಿ ಓಡಿಸೋರಿಗೂ ಇಷ್ಟು ಕಟ್ಟುನಿಟ್ಟಿದ್ದಿದ್ರೆ ನಾವು ನೆಮ್ಮದಿಯಾಗಿ ರಸ್ತೆ ದಾಟ್ತಿದ್ವಿ. ಬ್ರೇಕಿನ ಪರೀಕ್ಷೇಲಿ ನನಗೆ ಚಿನ್ನದ ಮೆಡಲು ಬಂದಿದೆ. ಅದು ಕೇಳಿ ಒಬ್ಬರು ಅಂದ್ರು, "ಈ ವಯಸ್ಸಲ್ಲಿ ಇದೆಲ್ಲ ಬೇಕಾ?" ಗಂಡಸರು ಅರಳಿಕಟ್ಟೇಲಿ ಇಸ್ಪೀಟು ಹಾಕಿದ್ರೆ ಟೈಂಪಾಸು, ಹುಡುಗರು ಆಡಿದ್ರೆ ವಯಸ್ಸು, ಹೆಂಗಸು ಅರ್ಧ ಗಂಟೆ ಗುಂಡಿ ಒತ್ತಿದ್ರೆ ಮನೆಗೆಲಸ ಬಿಟ್ಟಳು ಅಂತ. ಮೂವತ್ತು ವರ್ಷ ಆ ಟೀವಿ ಧೂಳು ಒರೆಸಿದೋಳು ನಾನು, ಅದರ ಮುಂದೆ ಕೂರೋ ಹಕ್ಕೂ ನಂದೇ.

ಮುಂದೆ ಒಂದು ದಿನ ಇದು ಪೂರ್ತಿ ಕೆಟ್ಟರೂ ತೂಕದ ಗುಜರಿಯೋನಿಗೆ ಕೊಡಲ್ಲ. ಅವರಲ್ಲಿ ಎಷ್ಟೋ ಜನ ವೈರು ಸುಟ್ಟು ತಾಮ್ರ ತೆಗೀತಾರೆ, ಆ ಹೊಗೆ ಬರೋದು ನಮ್ಮ ಮೂಗಿಗೇ. ನಮ್ಮಿಂದ ಅಷ್ಟೇನೂ ದೂರ ಇಲ್ಲದ ದಾಬಸ್‌ಪೇಟೇಲಿ ಇ-ಕಸ ಬಿಡಿಸೋ ಕಾರ್ಖಾನೆ 2005ರಿಂದ ಇದೆ, ಅಂಥ ಪರವಾನಗಿ ಇರೋರಿಗೇ ಕೊಡಬೇಕು. ನಿಮ್ಮ ಕೆಟ್ಟ ಮಿಕ್ಸಿ, ಚಾರ್ಜರುಗಳಿಗೂ ಇದೇ ಮಾತು.

ಈಗ ನಿಮ್ಮ ಸರದಿ. ಅಟ್ಟದ ಮೇಲೆ ಈ ಪೆಟ್ಟಿಗೆ ಬಿದ್ದಿದ್ರೆ ಇಳಿಸಿ, ಒಣ ಬ್ರಷ್ಷಲ್ಲಿ ಧೂಳು ತೆಗೆದು ಒಂದು ಸಲ ಹಾಕಿ ನೋಡಿ. ನಡೆಯತ್ತೆ ಆದ್ರೆ ಬೇಡ ಅನ್ನೋದಾದ್ರೆ ನನಗೆ ಹೇಳಿ. ಆ 18 ಸಾವಿರದ ಹುಡುಗನ ತಂಗಿ ಈಗ ಏಳನೇ ಕ್ಲಾಸು, ಅಮ್ಮನ ಫೋನು ಮುಟ್ಟೋ ಹಾಗಿಲ್ಲ, ನಮ್ಮನೆಗೆ ಬಂದು ಆಡಿಹೋಗ್ತಾಳೆ. ಅವರ ಮನೇಲೇ ಒಂದು ಇದ್ರೆ ಒಳ್ಳೇದು. ಒಂದು ರಿಮೋಟು ಕೆಟ್ಟಿದ್ರೂ ಪರವಾಗಿಲ್ಲ, ನನ್ನ ಹತ್ರ ಹೆಚ್ಚಿಗೆ ಒಂದಿದೆ. ಮತ್ತೆ, ಕ್ರಿಕೆಟ್ 07 ಡಿಸ್ಕ್ ಯುಗಾದಿಯಿಂದ ಯಾರ ಮನೇಲಿದೆ ಅಂತ ಪುಸ್ತಕದಲ್ಲಿ ಬರೆದಿದೆ. ಹೆಸರು ಹಾಕಲ್ಲ, ಈ ಭಾನುವಾರದೊಳಗೆ ತಂದುಕೊಡಿ.