ಹಲ್ಲಿಗೆ ಹಿಡಿದಿರೋದು ಹುಳ ಅಲ್ಲ!

ಊರಲ್ಲಿ ಯಾರಿಗಾದರೂ ಹಲ್ಲುನೋವು ಬಂತೆಂದರೆ ಮೊದಲು ಬರುವ ಮಾತು, ‘ಹುಳ ಹಿಡಿದಿರಬೇಕು’. ಒಬ್ಬರು ಬೀಜದ ಹೊಗೆ ಹಿಡಿಸಿ ಅನ್ನುತ್ತಾರೆ. ಇನ್ನೊಬ್ಬರು ಮೆಡಿಕಲ್ ಶಾಪಿನಿಂದ ನಾಲ್ಕು ಆಂಟಿಬಯೋಟಿಕ್ ಮಾತ್ರೆ ತಂದು ನುಂಗಿ ಅನ್ನುತ್ತಾರೆ. ಡಾಕ್ಟರ ಹತ್ತಿರ ಕ್ಲೀನ್ ಮಾಡಿಸ್ತೀನಿ ಅಂದರೆ ಮಾತ್ರ, ‘ಬೇಡಪ್ಪಾ, ಹಲ್ಲು ಸಡಿಲ ಆಗುತ್ತೆ’ ಅಂತ ಹೆದರಿಸುತ್ತಾರೆ.

ನೇರವಾಗಿ ಹೇಳುತ್ತೇವೆ, ಈ ಮೂರೂ ಮಾತು ತಪ್ಪು.

ಹಲ್ಲಿನಲ್ಲಿ ಹುಳ ಇಲ್ಲ. ಉಗುರಿನಿಂದ ಕೆರೆದರೆ ಬರುವ ಬಿಳಿ ಅಂಟಿಗೆ ಡಾಕ್ಟರುಗಳು ಪ್ಲಾಕ್ ಅನ್ನುತ್ತಾರೆ. ಅದು ಬ್ಯಾಕ್ಟೀರಿಯಾಗಳು ಕಟ್ಟಿಕೊಂಡ ಊರು. ಹಲ್ಲುಜ್ಜಿದ ಕೆಲವೇ ಗಂಟೆಗಳಲ್ಲಿ ಸ್ಟ್ರೆಪ್ಟೋಕಾಕಸ್ ಗುಂಪಿನವು ಬಂದು ಜಾಗ ಹಿಡಿಯುತ್ತವೆ. ಆಮೇಲೆ ತಮ್ಮತಮ್ಮಲ್ಲೇ ಮಾತಾಡುತ್ತವೆ. ಹೇಗೆ ಅಂತೀರಾ? ಪ್ರತಿಯೊಂದೂ ಸಣ್ಣ ರಾಸಾಯನಿಕ ಸಂಕೇತ ಹೊರಬಿಡುತ್ತದೆ. ಸಂಖ್ಯೆ ಹೆಚ್ಚಿದಂತೆ ಸಂಕೇತವೂ ಹೆಚ್ಚಿ, ಒಂದು ಮಟ್ಟ ದಾಟಿದಾಗ ಎಲ್ಲವೂ ಒಟ್ಟಾಗಿ ನಡವಳಿಕೆ ಬದಲಿಸುತ್ತವೆ. ಗ್ರಾಮಸಭೆಗೆ ಕೋರಂ ಬೇಕಲ್ಲ, ಹಾಗೆ. ವಿಜ್ಞಾನಿಗಳು ಇದನ್ನು ‘ಕೋರಂ ಸೆನ್ಸಿಂಗ್’ ಎಂದೇ ಕರೆಯುತ್ತಾರೆ.

ಹುಳುಕಿಗೆ ಮುಖ್ಯ ಕಾರಣವಾದ ಸ್ಟ್ರೆಪ್ಟೋಕಾಕಸ್ ಮ್ಯೂಟನ್ಸ್ ಬಳಸುವ ಸಂಕೇತದ ಹೆಸರು ಸಿಎಸ್‌ಪಿ. ಲ್ಯಾಬಿನಲ್ಲಿ ಈ ಸಂಕೇತ ಕೆಡಿಸಿದಾಗ ಅದು ಕಟ್ಟುವ ಪದರದ ರಚನೆಯೇ ಬದಲಾಯಿತು. ನಾವು ತಿನ್ನುವ ಸಕ್ಕರೆಯಿಂದಲೇ ಇದು ಅಂಟು ಮಾಡಿ ಗೋಡೆ ಕಟ್ಟುತ್ತದೆ, ಅದೇ ಸಕ್ಕರೆಯಿಂದ ಆಮ್ಲ ಬಿಟ್ಟು ಹಲ್ಲು ಕೊರೆಯುತ್ತದೆ. ಬೇರೆ ಬೇರೆ ಜಾತಿಗಳಿಗೂ ಅರ್ಥವಾಗುವ ಎಐ-2 ಎಂಬ ಸಂಕೇತವೂ ಇದೆ. ಒಸಡು ಕೆಡಿಸುವ ಜಾತಿಗಳು ತಡವಾಗಿ ಬಂದು, ಮೊದಲು ಬಂದವುಗಳಿಗೆ ಅಂಟಿಕೊಂಡು ಬೆಳೆಯುತ್ತವೆ.

ಇಂಥ ಗೋಡೆಯೊಳಗೆ ಮಾತ್ರೆ ಸರಿಯಾಗಿ ಇಳಿಯುವುದಿಲ್ಲ. ಇದು ಹಳೇ ಪಾಠ. 1683ರಲ್ಲಿ ಹಾಲೆಂಡಿನ ಡೆಲ್ಫ್ಟ್ ಪಟ್ಟಣದ ಲೇವೆನ್‌ಹುಕ್ ಹಲ್ಲಿನ ಪ್ಲಾಕನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದ. ವಿನೆಗರ್‌ನಿಂದ ಬಾಯಿ ತೊಳೆದರೂ ಹೊರಗಿನ ಜೀವಿಗಳಷ್ಟೇ ಸತ್ತವು, ಒಳಗಿನವು ಉಳಿದವು ಎಂದು ಬರೆದ. ನಾವಿನ್ನೂ ಹೊಗೆ ಹಿಡಿಸುತ್ತಾ ಕೂತಿದ್ದೇವೆ! ಮುಖ ಊದಿ ಜ್ವರ ಬಂದಾಗ ಡಾಕ್ಟರು ಬರೆದುಕೊಡುವ ಮಾತ್ರೆಯ ವಿಷಯ ಬೇರೆ. ನಾವೇ ಕೊಂಡು ನುಂಗುವ ಅರ್ಧಂಬರ್ಧ ಕೋರ್ಸಿನಿಂದ ಪ್ಲಾಕ್ ಹೋಗದು. ನಾಳೆ ನಿಜವಾಗಿ ಬೇಕಾದಾಗ ಮಾತ್ರೆ ಕೆಲಸ ಮಾಡದಿರಬಹುದು.

ಇನ್ನು ಕ್ಲೀನ್ ಮಾಡಿಸಿದರೆ ಸಡಿಲವಾಗುತ್ತೆ ಅನ್ನುವ ಮಾತು. ಬಾಗಿಲ ಚೌಕಟ್ಟಿನ ಗೆದ್ದಲು ಕೆರೆದಾಗ ಮರ ಟೊಳ್ಳಾಗಿರುವುದು ಕಾಣುತ್ತದೆ. ಟೊಳ್ಳು ಮಾಡಿದ್ದು ಗೆದ್ದಲೋ, ಕೆರೆದವನೋ? ಪ್ಲಾಕ್ ಗಾರೆಯಂತೆ ಗಟ್ಟಿಯಾಗಿ, ಒಸಡಿನ ಕೆಳಗಿನ ಮೂಳೆ ಸವೆದಿದ್ದರೆ ಹಲ್ಲು ಮೊದಲೇ ಸಡಿಲವಾಗಿರುತ್ತದೆ.

ಹಾಗಾಗಿ ಈ ಊರನ್ನು ದಿನವೂ ಕೆಡವಲೇಬೇಕು. ಬೆಳಿಗ್ಗೆ ಒಮ್ಮೆ, ರಾತ್ರಿ ಮಲಗುವ ಮುಂಚೆ ಒಮ್ಮೆ, ಫ್ಲೋರೈಡ್ ಪೇಸ್ಟಿನಲ್ಲಿ ಉಜ್ಜಿ. ಗಟ್ಟಿಯಾದದ್ದು ಬ್ರಷ್‌ಗೆ ಬಗ್ಗದು, ದಂತವೈದ್ಯರೇ ತೆಗೆಯಬೇಕು.

ಸರ್ಕಾರಕ್ಕೂ ಒಂದು ಮಾತು. ಹಲ್ಲು ಉದುರಿದ ಬಡ ಹಿರಿಯರಿಗೆ ಸೆಟ್ ಕೊಡುವ ದಂತ ಭಾಗ್ಯ ಯೋಜನೆ ತಂದಿರಿ, ಒಳ್ಳೆಯದು. ಉದುರುವ ಮುಂಚೆ ಕ್ಲೀನ್ ಮಾಡುವ ಶಿಬಿರ ನಮ್ಮ ಪಂಚಾಯಿತಿಗಳಿಗೆ ಯಾವಾಗ? ಮುಂದಿನ ಗ್ರಾಮಸಭೆಯಲ್ಲಿ ಇದನ್ನು ಕೇಳೋಣ. ಬ್ಯಾಕ್ಟೀರಿಯಾಗಳೇ ಕೋರಂ ಸೇರಿಸುತ್ತವೆ, ನಮಗೇನು ಕಷ್ಟ?