ಬೆಳ್ಳುಳ್ಳಿಯ ವಾಸನೆಯೂ ನಿರ್ವಿಚಿಕಿತ್ಸೆಯೂ

ಬೆಳ್ಳುಳ್ಳಿಯನ್ನು ತ್ಯಜಿಸುವುದು ಒಂದು ವ್ರತ. ಬೆಳ್ಳುಳ್ಳಿ ತಿಂದವರ ಉಸಿರಿಗೆ ಮೂಗು ಮುರಿಯುವುದು ಒಂದು ದೋಷ. ಮೊದಲನೆಯದನ್ನು ಪಾಲಿಸುವವರಿಗೆ ಎರಡನೆಯದು ತಾನಾಗಿಯೇ ದೊರೆತ ಅಧಿಕಾರ ಎಂಬ ಭಾವನೆ ನಮ್ಮ ಸಮಾಜದಲ್ಲಿ ಬೇರೂರುತ್ತಿದೆ. ಈ ಅಧಿಕಾರಕ್ಕೆ ಜೈನ ಶಾಸ್ತ್ರದಲ್ಲಿ ಆಧಾರವಿಲ್ಲ. ಅದಕ್ಕೆ ವಿರುದ್ಧವಾದ ಆಧಾರವಿದೆ ಎಂಬುದನ್ನು ಸ್ಪಷ್ಟಪಡಿಸುವುದೇ ಈ ಲೇಖನದ ಉದ್ದೇಶ. ಬರೆಯುತ್ತಿರುವವನು ಬೆಳ್ಳುಳ್ಳಿ ಕಾಲಿಡದ ಮನೆಯಲ್ಲಿ ಬೆಳೆದವನು, ಇಂದಿಗೂ ತಿನ್ನದವನು. ಆದ್ದರಿಂದ ಇದನ್ನು ನಾಲಗೆಯ ಚಾಪಲ್ಯದ ಸಮರ್ಥನೆಯೆಂದು ಯಾರೂ ಭಾವಿಸಬೇಕಾಗಿಲ್ಲ.

ಕೊಪ್ಪಳ ತಾಲ್ಲೂಕಿನ ಇರಕಲ್ಲಗಡದ ಸುತ್ತಲಿನ ಹಳ್ಳಿಗಳನ್ನು ನೋಡಿ. ಒಣಬೇಸಾಯದ ಈ ನೆಲದಲ್ಲಿ ಜೋಳದ ರೊಟ್ಟಿಯ ಜೊತೆಗೆ ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಅಗಸಿ ಹಿಂಡಿ, ಕೆಂಪು ಖಾರ ಇದ್ದರೆ ಊಟ ಮುಗಿಯಿತು. ಇವುಗಳಿಗೆಲ್ಲ ಜೀವ ತುಂಬುವುದು ಬಳ್ಳೊಳ್ಳಿ. ಪಲ್ಯವಿಲ್ಲದ ದಿನ ಪಲ್ಯದ ಕೊರತೆಯನ್ನು ಮರೆಸುವುದೂ ಅದೇ. ಬಾಣಂತಿಯ ತಟ್ಟೆಗೆ ಮೊದಲು ಬೀಳುವುದೂ ಅದೇ. ಇಂಥ ಮನೆಯಿಂದ ಬಂದ ಹೆಣ್ಣುಮಗಳೊಬ್ಬಳು ಓದಿ, ನೌಕರಿ ಹಿಡಿದು, ನಗರದಲ್ಲಿ ಬಾಡಿಗೆ ಮನೆ ಹುಡುಕಲು ಹೊರಡುತ್ತಾಳೆ. ಮುಂಗಡ ಹಣದ ಮಾತಿಗಿಂತ ಮೊದಲು ಅವಳಿಗೆ ಎದುರಾಗುವ ಪ್ರಶ್ನೆ, ‘ಒಗ್ಗರಣೆಗೆ ಬೆಳ್ಳುಳ್ಳಿ ಹಾಕುತ್ತೀರಾ?’ ಎಂಬುದು. ಮನೆ ಸಿಕ್ಕ ಮೇಲೂ ಅವಳು ಕಿಟಕಿ ಮುಚ್ಚಿ ಒಗ್ಗರಣೆ ಹಾಕುತ್ತಾಳೆ. ವಾರದ ದಿನಗಳಲ್ಲಿ ಬಿಟ್ಟು ಶನಿವಾರ ರಾತ್ರಿ ಮಾತ್ರ ಖಾರ ಅರೆಯುತ್ತಾಳೆ. ಸೋಮವಾರ ಬೆಳಿಗ್ಗೆ ಏಲಕ್ಕಿ ಅಗಿದು, ಸಹೋದ್ಯೋಗಿಗಳೊಡನೆ ಬಾಯಿಗೆ ಸೆರಗು ಹಿಡಿದು ಮಾತನಾಡುತ್ತಾಳೆ. ತವರಿನಿಂದ ಬಂದ ಹಿಂಡಿಯ ಡಬ್ಬಿಯನ್ನು ಕಳ್ಳಮಾಲಿನಂತೆ ಬಚ್ಚಿಡುತ್ತಾಳೆ. ಹೀಗೆ ಒಬ್ಬಳ ಅಡುಗೆಮನೆಗೆ ಬೇರೆಯವರ ಮೂಗು ಯಜಮಾನನಾಗಿ ಕುಳಿತಿದೆ.

ಈ ಯಜಮಾನಿಕೆಯನ್ನು ಸಮರ್ಥಿಸುವವರಲ್ಲಿ ನಮ್ಮ ಶ್ರಾವಕರೂ ಇರುವುದರಿಂದ, ಶಾಸ್ತ್ರ ಏನು ಹೇಳುತ್ತದೆ ಎಂಬುದನ್ನು ಮೊದಲು ನೋಡೋಣ. ಬೆಳ್ಳುಳ್ಳಿಯು ಕಂದಮೂಲ, ಅನಂತಕಾಯ. ಚಾವುಂಡರಾಯನ ಗುರುಗಳಾದ ನೇಮಿಚಂದ್ರ ಸಿದ್ಧಾಂತ ಚಕ್ರವರ್ತಿಗಳು ‘ಗೊಮ್ಮಟಸಾರ’ದ ಜೀವಕಾಂಡದಲ್ಲಿ ಸಾಧಾರಣ ವನಸ್ಪತಿಯನ್ನು ವಿವರಿಸುತ್ತ, ಒಂದೇ ಶರೀರದಲ್ಲಿ ನೆಲೆಸಿದ ಅನಂತ ಜೀವಗಳಿಗೆ ಆಹಾರವೂ ಒಂದೇ, ಉಸಿರೂ ಒಂದೇ ಎನ್ನುತ್ತಾರೆ. ಕಂದವನ್ನು ಕಿತ್ತು ಜಜ್ಜಿದಾಗ ಈ ಅನಂತ ಜೀವಗಳಿಗೆ ಹಿಂಸೆಯಾಗುತ್ತದೆ, ಆದ್ದರಿಂದ ತ್ಯಾಗ. ಸಮಂತಭದ್ರಾಚಾರ್ಯರ ‘ರತ್ನಕರಂಡಕ ಶ್ರಾವಕಾಚಾರ’ವೂ ಮೂಲಂಗಿ, ಹಸಿಶುಂಠಿ ಮೊದಲಾದವುಗಳನ್ನು ಬಿಡಬೇಕೆನ್ನುವಾಗ ಮುಂದಿಡುವ ಕಾರಣ, ಫಲ ಅಲ್ಪ, ಜೀವಘಾತ ಬಹಳ ಎಂಬುದು. ಅದೇ ಪಟ್ಟಿಯಲ್ಲಿ ಕೇದಗೆಯ ಹೂವೂ ಇದೆ ಎಂಬುದನ್ನು ಓದುಗರು ಗಮನಿಸಬೇಕು. ಕೇದಗೆಗಿಂತ ಸುಗಂಧವುಳ್ಳದ್ದು ಯಾವುದಿದೆ? ವಾಸನೆಯೇ ಮಾನದಂಡವಾಗಿದ್ದರೆ ಕೇದಗೆ ಮೊದಲು ಗ್ರಾಹ್ಯವಾಗಬೇಕಿತ್ತು. ಕೊಳೆತ ಗಂಧವನ್ನೂ ಕೇದಗೆಯ ಪರಿಮಳವನ್ನೂ ಶಾಸ್ತ್ರ ಒಂದೇ ತಕ್ಕಡಿಯಲ್ಲಿ ತೂಗುತ್ತದೆ. ಆ ತಕ್ಕಡಿ ಹಿಂಸೆಯದು.

ಹಾಗಾದರೆ ಬೆಳ್ಳುಳ್ಳಿ ತಿಂದವನು ಕೀಳು ಎಂಬ ಭಾವನೆ ಎಲ್ಲಿಂದ ಬಂತು? ಅದರ ವಂಶಾವಳಿ ಬೇರೆ. ಮನುಸ್ಮೃತಿಯ ಐದನೆಯ ಅಧ್ಯಾಯವು ಬೆಳ್ಳುಳ್ಳಿ, ಈರುಳ್ಳಿಗಳನ್ನು ದ್ವಿಜರಿಗೆ ನಿಷೇಧಿಸುತ್ತದೆ. ತಿಳಿದೂ ತಿಂದ ದ್ವಿಜನು ಪತಿತನಾಗುತ್ತಾನೆ ಎನ್ನುತ್ತದೆ. ಇಲ್ಲಿ ಪಣಕ್ಕೆ ಇರುವುದು ವರ್ಣದ ಸ್ಥಾನ. ಐದನೆಯ ಶತಮಾನದ ಆರಂಭದಲ್ಲಿ ಉತ್ತರ ಭಾರತವನ್ನು ಕಂಡ ಚೀನೀ ಯಾತ್ರಿಕ ಫಾಹಿಯಾನ್, ಮಧ್ಯದೇಶದ ಜನ ಈರುಳ್ಳಿ ಬೆಳ್ಳುಳ್ಳಿ ತಿನ್ನುವುದಿಲ್ಲ, ಚಂಡಾಲರು ಮಾತ್ರ ಇದಕ್ಕೆ ಹೊರತು ಎಂದು ಬರೆದ. ಆ ಚಂಡಾಲರು ಊರೊಳಗೆ ಬರುವಾಗ ಮರದ ತುಂಡನ್ನು ಬಡಿದು ಸದ್ದು ಮಾಡಬೇಕಿತ್ತೆಂದೂ ಅವನೇ ದಾಖಲಿಸಿದ್ದಾನೆ. ಏಳನೆಯ ಶತಮಾನದ ಹ್ಯೂಯೆನ್‌ತ್ಸಾಂಗನು ಇವನ್ನು ತಿಂದವರನ್ನು ಊರ ಗೋಡೆಯಾಚೆಗೆ ಅಟ್ಟುತ್ತಿದ್ದರೆಂದು ಹೇಳುತ್ತಾನೆ. ಊರ ಹೊರಗೆ ಅಟ್ಟುವವರ ಈ ಮನೋಧರ್ಮವೇ ಇಂದು ಬಾಡಿಗೆ ಮನೆಯ ಬಾಗಿಲಲ್ಲಿ ನಿಂತು ಒಗ್ಗರಣೆಯ ಪ್ರಶ್ನೆ ಕೇಳುತ್ತಿದೆ.

ಈ ನಿಷೇಧದ ಪ್ರಾಮಾಣಿಕತೆಯನ್ನು ಅಳೆಯಲು ಇನ್ನೊಂದು ದಾಖಲೆಯೂ ಇದೆ. 1890ರಲ್ಲಿ ಮಧ್ಯ ಏಷ್ಯಾದ ಕುಚಾದಲ್ಲಿ ದೊರೆತ, ಬೋವರ್ ಹಸ್ತಪ್ರತಿ ಎಂದು ಹೆಸರಾದ ಪ್ರಾಚೀನ ಸಂಸ್ಕೃತ ವೈದ್ಯಗ್ರಂಥವು ಬೆಳ್ಳುಳ್ಳಿಯ ಗುಣಗಾನದಿಂದಲೇ ಆರಂಭವಾಗುತ್ತದೆ. ಅಮೃತ ಕುಡಿದ ಅಸುರನ ಕತ್ತು ಕತ್ತರಿಸಿದಾಗ ಬಿದ್ದ ರಕ್ತಬಿಂದುಗಳಿಂದ ಇದು ಹುಟ್ಟಿತು, ಆದ್ದರಿಂದ ಬ್ರಾಹ್ಮಣರು ತಿನ್ನಬಾರದು ಎಂದು ಹೇಳಿದ ಗ್ರಂಥವೇ ಒಂದು ಉಪಾಯವನ್ನೂ ಸೂಚಿಸುತ್ತದೆ: ಹಸುವನ್ನು ಮೂರು ರಾತ್ರಿ ಹುಲ್ಲಿಲ್ಲದೆ ಕಟ್ಟಿ, ಅನಂತರ ಬೆಳ್ಳುಳ್ಳಿ ಬೆರೆಸಿದ ಮೇವು ತಿನ್ನಿಸಿ, ಅದರ ಹಾಲು ಮೊಸರು ತುಪ್ಪಗಳನ್ನು ಸೇವಿಸಬಹುದು. ಔಷಧ ಬೇಕು, ಹೆಸರು ಬೇಡ! ದೇಹಕ್ಕೆ ಬೇಕಾದುದನ್ನು ಹಸುವಿನ ಹೊಟ್ಟೆಯ ಮೂಲಕ ಶೋಧಿಸಿಕೊಂಡವರು, ಅದನ್ನು ನೇರವಾಗಿ ತಿಂದವರನ್ನು ಹೊರಗಿಟ್ಟದ್ದು ಹೇಗೆ ಧರ್ಮವಾದೀತು?

ಉಸಿರಿನ ವಾಸನೆಯನ್ನೇ ಕುರಿತು ವಿಧಿ ಮಾಡಿದ ಪರಂಪರೆಯೂ ನಮ್ಮ ನೆಲದಲ್ಲಿದೆ, ಅದು ಬೌದ್ಧರದು. ಬೆಳ್ಳುಳ್ಳಿ ತಿಂದ ಭಿಕ್ಷುವೊಬ್ಬ ಇತರರಿಗೆ ತೊಂದರೆಯಾಗದಿರಲೆಂದು ಬುದ್ಧನ ಧರ್ಮೋಪದೇಶದ ವೇಳೆ ದೂರ ಕುಳಿತನಂತೆ. ಧರ್ಮಶ್ರವಣಕ್ಕೇ ಅಡ್ಡಿಯಾಗುವುದನ್ನು ತಿನ್ನಬಾರದೆಂದು ಬುದ್ಧನು ಭಿಕ್ಷುಗಳಿಗೆ ಹೇಳಿದ. ಆದರೆ ಸಾರಿಪುತ್ತನಿಗೆ ಉದರವಾಯುವಾದಾಗ ಅವನಿಗೆ ಗುಣಪಡಿಸುತ್ತಿದ್ದುದು ಬೆಳ್ಳುಳ್ಳಿಯೇ ಎಂದು ತಿಳಿದು, ರೋಗಕ್ಕೆ ಅನುಮತಿಯನ್ನೂ ಕೊಟ್ಟ. ವಿನಯಪಿಟಕದ ಈ ಪ್ರಸಂಗದ ಸೂಕ್ಷ್ಮವನ್ನು ನೋಡಬೇಕು. ದೂರ ಕುಳಿತವನನ್ನು ಹತ್ತಿರ ತರುವುದಕ್ಕಾಗಿ ಹುಟ್ಟಿದ ನಿಯಮವದು, ಹತ್ತಿರವಿದ್ದವನನ್ನು ದೂರ ತಳ್ಳುವುದಕ್ಕಲ್ಲ. ಅದು ಸಂಘದೊಳಗಿನವರು ತಮಗೆ ತಾವು ವಿಧಿಸಿಕೊಂಡದ್ದು. ಊರಿನ ಗೃಹಿಣಿಯ ಒಲೆಗೆ ವಿಧಿಸಿದ್ದಲ್ಲ.

ಈಗ ನಮ್ಮ ಮನೆಯ ಮಾತಿಗೆ ಬರೋಣ. ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ಮೂರನೆಯದು ನಿರ್ವಿಚಿಕಿತ್ಸೆ, ಅಂದರೆ ಜುಗುಪ್ಸೆಯಿಲ್ಲದಿರುವುದು. ದೇಹವು ಸ್ವಭಾವತಃ ಅಶುಚಿ. ಅದರಲ್ಲಿ ನೆಲೆಸಿದ ಗುಣಕ್ಕೆ ಪ್ರೀತಿ ತೋರಬೇಕೇ ಹೊರತು ದೇಹಕ್ಕೆ ಹೇಸಬಾರದು ಎಂಬುದು ಸಮಂತಭದ್ರರ ನಿಲುವು. ಇದಕ್ಕೆ ಅವರು ಹೆಸರಿಸುವ ನಿದರ್ಶನ ಉದ್ದಾಯನ ರಾಜನದು. ರೋಗಿಷ್ಠ ಮುನಿಯ ವೇಷದಲ್ಲಿ ಪರೀಕ್ಷಿಸಲು ಬಂದ ದೇವನು ಉಂಡದ್ದನ್ನೆಲ್ಲ ರಾಜನ ಮೈಮೇಲೆಯೇ ಕಕ್ಕಿದನೆಂದು ಕಥೆ ಹೇಳುತ್ತದೆ. ಪರಿಚಾರಕರು ದುರ್ಗಂಧ ತಾಳಲಾರದೆ ಓಡಿದರು. ರಾಜ ಮಾತ್ರ, ತಾನು ಬಡಿಸಿದ ಅನ್ನವೇ ಹಿತವಾಗಲಿಲ್ಲವೇನೋ ಎಂದು ನೊಂದು, ತನ್ನ ಕೈಯಿಂದಲೇ ಆ ದೇಹವನ್ನು ತೊಳೆದ. ವಾಂತಿಗೂ ಹೇಸದ ಉದ್ದಾಯನನನ್ನು ಆದರ್ಶವೆಂದು ಪ್ರವಚನಗಳಲ್ಲಿ ಕೊಂಡಾಡುವ ನಾವು, ಪಕ್ಕದ ಕುರ್ಚಿಯವಳ ಉಸಿರಿನಲ್ಲಿ ಹಿಂಡಿಯ ಘಾಟು ಬಂದರೆ ಮುಖ ತಿರುಗಿಸುತ್ತೇವೆ! ಬೆಳ್ಳುಳ್ಳಿ ತಿಂದವಳಲ್ಲಿ ದೋಷವನ್ನು ಹುಡುಕುವ ಜೈನನು, ಆ ಕ್ಷಣದಲ್ಲೇ ತನ್ನ ಸಮ್ಯಗ್ದರ್ಶನದ ಒಂದು ಅಂಗವನ್ನು ಊನಗೊಳಿಸಿಕೊಂಡಿರುತ್ತಾನೆ. ‘ನಾವು ಶುದ್ಧರು’ ಎಂಬ ಭಾವ ಅದಕ್ಕೆ ಸೇರಿದರೆ ಕುಲಮದವೂ ಕೂಡಿಕೊಂಡಂತಾಯಿತು.

‘ವಾಸನೆ ನಿಜವಲ್ಲವೇ? ಸಹಿಸಬೇಕೇ?’ ಎಂದು ಕೇಳಬಹುದು. ನಿಜವೇ. ಎಸಳನ್ನು ಜಜ್ಜಿದಾಗ ಅದರೊಳಗಿನ ಕಿಣ್ವವು ಅಲಿಸಿನ್ ಎಂಬ ಗಂಧಕದ ಸಂಯುಕ್ತವನ್ನು ಹುಟ್ಟಿಸುತ್ತದೆ. ಅದರಿಂದ ಉಂಟಾಗುವ ಅಲೈಲ್ ಮೀಥೈಲ್ ಸಲ್ಫೈಡ್ ರಕ್ತಕ್ಕೆ ಸೇರಿ, ಶ್ವಾಸಕೋಶದ ಮೂಲಕ ಗಂಟೆಗಟ್ಟಲೆ ಹೊರಬರುತ್ತಿರುತ್ತದೆ. ಆದ್ದರಿಂದಲೇ ಎಷ್ಟು ಹಲ್ಲುಜ್ಜಿದರೂ ಅದು ಪೂರ್ತಿ ಹೋಗದು. ಅದು ಬಾಯಿಯ ಕೊಳೆಯಲ್ಲ, ತಿಂದವರ ಅಶುಚಿತ್ವದ ಗುರುತೂ ಅಲ್ಲ. ಹಾಲು ಈ ವಾಸನೆಯನ್ನು ತಗ್ಗಿಸುತ್ತದೆಂದು ಅಮೆರಿಕದ ಓಹಾಯೋ ಸ್ಟೇಟ್ ವಿಶ್ವವಿದ್ಯಾಲಯದ ಸಂಶೋಧಕರು 2010ರಲ್ಲಿ ಪ್ರಕಟಿಸಿದರು. ಮೊಸರಿನ ಬಗ್ಗೆಯೂ ಅಲ್ಲಿಂದಲೇ 2023ರಲ್ಲಿ ಇಂಥದೇ ಫಲಿತಾಂಶ ಬಂತು. ಹಿಂಡಿಗೆ ಕೆನೆಮೊಸರು ಕಲಸಿಕೊಂಡು ರೊಟ್ಟಿ ತಿನ್ನುವ ನಮ್ಮ ಭಾಗದ ಪದ್ಧತಿಯಲ್ಲೇ ಆ ಪರಿಹಾರವಿದೆ. ಸಭೆಗೆ ಹೋಗುವ ಮುನ್ನ ಹಸಿ ಬೆಳ್ಳುಳ್ಳಿಯನ್ನು ಬಿಡುವುದು ಸೌಜನ್ಯ. ಅದನ್ನು ನಾನೂ ಒಪ್ಪುತ್ತೇನೆ. ಆದರೆ ಸೌಜನ್ಯ ಸಮಾನರ ನಡುವೆ ನಡೆಯುವಂಥದು. ಬೆವರು, ಸಿಗರೇಟು, ಅಗ್ಗದ ಅತ್ತರುಗಳನ್ನೆಲ್ಲ ಸಹಿಸಿ ಬೆಳ್ಳುಳ್ಳಿಯೊಂದಕ್ಕೇ ಮೂಗು ಮುರಿಯುವುದನ್ನು ಸೌಜನ್ಯವೆನ್ನಲಾಗದು.

ಇನ್ನೊಂದು ಆಕ್ಷೇಪ: ಬಿಡಿಸುವುದೂ ಪುಣ್ಯವಲ್ಲವೇ? ಶಾಲಾ ಮಕ್ಕಳಿಗೆ ಅಕ್ಷಯ ಪಾತ್ರ ಪ್ರತಿಷ್ಠಾನ ಬಡಿಸುವ ಬೆಳ್ಳುಳ್ಳಿ ಈರುಳ್ಳಿಯಿಲ್ಲದ ಬಿಸಿಯೂಟದ ಬಗ್ಗೆ 2018–19ರಲ್ಲಿ ನಮ್ಮ ರಾಜ್ಯದಲ್ಲಿ ವಾದವೆದ್ದಾಗ ಈ ಮಾತು ಕೇಳಿಬಂತು. ಪೋಷಕಾಂಶದ ಲೆಕ್ಕ ಸರಿಯಿದೆ ಎಂಬುದು ಸಂಸ್ಥೆಯ ಸಮರ್ಥನೆಯಾಗಿತ್ತು; ರುಚಿಸದ ಊಟವನ್ನು ಮಕ್ಕಳು ಅರ್ಧಕ್ಕೇ ಬಿಡುತ್ತಾರೆ ಎಂಬುದು ವಿರೋಧಿಗಳ ಮಾತು. ಜೈನ ದೃಷ್ಟಿಯಿಂದ ನನ್ನ ಪ್ರಶ್ನೆ ಬೇರೆ: ಇದು ಯಾರ ವ್ರತ? ಯೋಗ್ಯವಾದ ವಿಷಯದಿಂದಲೂ ಸಂಕಲ್ಪಪೂರ್ವಕವಾಗಿ ವಿರಮಿಸುವುದೇ ವ್ರತವೆಂದು ರತ್ನಕರಂಡಕ ಹೇಳುತ್ತದೆ. ನಿಯತ ಕಾಲದ್ದನ್ನು ನಿಯಮವೆಂದೂ ಜೀವನಪರ್ಯಂತದ್ದನ್ನು ಯಮವೆಂದೂ ವಿಂಗಡಿಸುತ್ತದೆ. ನಮ್ಮಲ್ಲೇ ವರ್ಷವಿಡೀ ಬಿಟ್ಟವರಿದ್ದಾರೆ, ದಶಲಕ್ಷಣ ಪರ್ವದಲ್ಲಿ ಮಾತ್ರ ಬಿಡುವವರಿದ್ದಾರೆ. ಸಂಕಲ್ಪ ಮಾಡಬೇಕಾದವನು ತಿನ್ನುವವನೇ. ಸಂಕಲ್ಪವಿಲ್ಲದ ಮಗುವಿನ ತಟ್ಟೆಯಿಂದಾಗಲಿ, ಬಾಡಿಗೆದಾರಳ ಬಾಣಲೆಯಿಂದಾಗಲಿ ಬೆಳ್ಳುಳ್ಳಿಯನ್ನು ತೆಗೆದರೆ ಅಲ್ಲಿ ವ್ರತವೂ ಹುಟ್ಟುವುದಿಲ್ಲ, ಪುಣ್ಯವೂ ಹುಟ್ಟುವುದಿಲ್ಲ. ಹುಟ್ಟುವುದು ಅವಮಾನವೊಂದೇ. ಇನ್ನೊಂದು ಜೀವದ ಮನಸ್ಸನ್ನು ನೋಯಿಸುವುದನ್ನು ನಮ್ಮ ಆಚಾರ್ಯರು ಹಿಂಸೆಯೆಂದೇ ಕರೆದಿದ್ದಾರೆ.

‘ಕವಿರಾಜಮಾರ್ಗ’ವು ತಿರುಳ್ಗನ್ನಡದ ನಾಡಿನ ಎಲ್ಲೆಗಳಲ್ಲೊಂದಾಗಿ ಹೆಸರಿಸಿದ ಕೊಪಣನಗರ ಇಂದಿನ ಕೊಪ್ಪಳ. ಆಹಾರವನ್ನು ಕ್ರಮಕ್ರಮವಾಗಿ ತೊರೆದು ಸಲ್ಲೇಖನದಿಂದ ದೇಹವನ್ನೇ ಬಿಟ್ಟವರ ಶಾಸನಗಳನ್ನು ಹೊತ್ತ ಮಹಾತೀರ್ಥವದು. ಆ ತ್ಯಾಗಿಗಳು ಬಿಟ್ಟದ್ದು ತಮ್ಮ ತಟ್ಟೆಯ ಅನ್ನವನ್ನು. ಅವರ ವಾರಸುದಾರರೆಂದು ಹೇಳಿಕೊಳ್ಳುವ ನಾವು, ಅದೇ ಸೀಮೆಯಿಂದ ಬಂದ ಹೆಣ್ಣುಮಗಳ ತಟ್ಟೆಯನ್ನು ಪರೀಕ್ಷಿಸುತ್ತ ಕುಳಿತಿದ್ದೇವೆ. ಬೆಳ್ಳುಳ್ಳಿಯನ್ನು ಬಿಟ್ಟವರು ಬಿಟ್ಟೇ ಇರಲಿ. ಅನಂತ ಜೀವಗಳ ಮೇಲಿನ ಕರುಣೆಯಿಂದ ಬಿಡಲಿ. ಆ ಅನಂತದಲ್ಲಿ ಎದುರಿಗೆ ನಿಂತು ಬಾಯಿಗೆ ಸೆರಗು ಹಿಡಿದ ಒಂದು ಜೀವವೂ ಸೇರಿದೆ ಎಂಬುದನ್ನು ಮರೆಯದಿರಲಿ. ಅವಳು ಸೆರಗು ಸರಿಸಿ ನಿಸ್ಸಂಕೋಚವಾಗಿ ಮಾತನಾಡುವಂತಾಗುವವರೆಗೆ ನಮ್ಮ ತ್ಯಾಗ ಅಪೂರ್ಣವೇ.