ಮಾತು ತಲುಪಿತೆ?



ಕಳೆದ ತಿಂಗಳು ನಮ್ಮ ಕೈಸೇರಿದ ಕಾಗದಗಳಲ್ಲಿ ಒಬ್ಬ ತಾಯಿಯು ಬರೆದ ಕಾಗದವೊಂದಿದ್ದಿತು. ಆಕೆಯ ಮಗನು ಉಚ್ಚ ವಿದ್ಯಾಭ್ಯಾಸಕ್ಕಾಗಿ ಪರದೇಶಕ್ಕೆ ಹೊರಟಿದ್ದಾನೆ. ಪರೀಕ್ಷೆಗಳಲ್ಲಿ ಅವನು ಎಂದೂ ಹಿಂದೆ ಬಿದ್ದವನಲ್ಲ; ಆದರೆ ನಾಲ್ವರ ಎದುರಿಗೆ ನಾಲ್ಕು ಮಾತನ್ನಾಡಬೇಕಾದರೆ ನಾಲಗೆ ಏಳುವುದಿಲ್ಲವಂತೆ. "ಹೊರಡುವುದಕ್ಕೆ ಇನ್ನು ಮೂರೇ ತಿಂಗಳುಳಿದಿವೆ. ಅಷ್ಟರಲ್ಲಿ ಅವನಿಗೆ ಮಾತುಗಾರಿಕೆಯನ್ನು ಕಲಿಸುವ ಉಪಾಯವಿದ್ದರೆ ದಯವಿಟ್ಟು ತಿಳಿಸಿರಿ" ಎಂದು ಆಕೆ ಕೇಳಿದ್ದಾರೆ. ಇಂತಹ ಪ್ರಶ್ನೆಗೆ ಪುಸ್ತಕಗಳಲ್ಲಿ ಉತ್ತರಗಳು ಬೇಕಾದಷ್ಟಿವೆ. ನಾವು ಮಾತ್ರ ಇತ್ತೀಚೆಗೆ ಮಾರಿಕುಪ್ಪದ ಒಂದು ಮನೆಯಲ್ಲಿ ಕಂಡು ಕೇಳಿದುದನ್ನೇ ಉತ್ತರವಾಗಿ ಬರೆಯುತ್ತೇವೆ.

ಬಂಗಾರಪೇಟೆಯಲ್ಲಿ ಕವಲೊಡೆದ ರೈಲು ಹಾದಿಯು ಕೋರಮಂಡಲ, ಊರಿಗಾಂ, ಚಾಂಪಿಯನ್ ಎಂಬ ಹೆಸರುಗಳನ್ನು ದಾಟಿ ಮಾರಿಕುಪ್ಪದಲ್ಲಿ ಕೊನೆಗೊಳ್ಳುತ್ತದೆ. ಅಲ್ಲಿಂದ ಮುಂದಕ್ಕೆ ಹಳಿಯಿಲ್ಲ. ಚಿನ್ನವನ್ನು ತೆಗೆದು ಉಳಿದ ಪುಡಿಮಣ್ಣು ದಿಣ್ಣೆ ದಿಣ್ಣೆಯಾಗಿ ಬಿದ್ದಿದೆ. ಊರಿನವರು ಅದನ್ನು ಸೈನೈಡ್ ಗುಡ್ಡವೆಂದು ಕರೆಯುತ್ತಾರೆ. 2001ನೆಯ ಇಸವಿಯ ಫೆಬ್ರವರಿ 28ರಂದು ಗಣಿಗಳು ಮುಚ್ಚಿದ ಮೇಲೆ ಇಲ್ಲಿಯ ಮಕ್ಕಳು ನೆಲದೊಳಕ್ಕೆ ಇಳಿಯುವುದನ್ನು ಬಿಟ್ಟು ಬೆಳಗಿನ ರೈಲನ್ನು ಹತ್ತಿ ಬೆಂಗಳೂರಿಗೆ ದುಡಿಯಲು ಹೋಗುವವರಾದರು. ಕೆಲವರು ಅಲ್ಲಿಂದಲೂ ದೂರ ಹೋದರು. ಹಾಗೆ ಬಹು ದೂರ ಹೋಗಿ, ರಜಕ್ಕೆಂದು ಮನೆಗೆ ಬಂದಿದ್ದ ಒಬ್ಬ ಹುಡುಗಿಯನ್ನು ಕಾಣುವುದಕ್ಕಾಗಿಯೇ ನಾವು ಹೋಗಿದ್ದೆವು.

ಆಕೆಯ ತಾತನು ಚಾಂಪಿಯನ್ ರೀಫ್ ಗಣಿಯಲ್ಲಿ ಗಂಟೆ ಹೊಡೆಯುವ ಕೆಲಸದಲ್ಲಿ ವಯಸ್ಸನ್ನು ಕಳೆದವರು. ತಂದೆ ಬೆಂಗಳೂರಿನ ಒಂದು ಕಾರ್ಖಾನೆಯಲ್ಲಿದ್ದಾರೆ. ಹುಡುಗಿ ಅಂತರ್ಜಲದ ಶಾಸ್ತ್ರವನ್ನು ಓದಲು ಬ್ರಿಟನ್ನಿನ ಒಂದು ವಿಶ್ವವಿದ್ಯಾನಿಲಯಕ್ಕೆ ಸಾಲ ಮಾಡಿಕೊಂಡು ಹೋದವಳು. ವರ್ಷವಿಡೀ ಹರಿಯುವ ಒಂದು ನದಿಯೂ ಇಲ್ಲದ ಕೋಲಾರ ಜಿಲ್ಲೆಯಲ್ಲಿ ಹುಟ್ಟಿದವಳಿಗೆ ಈ ಶಾಸ್ತ್ರದ ಬೆಲೆಯನ್ನು ಬೇರೆಯವರು ಹೇಳಿಕೊಡಬೇಕಾಗಿರಲಿಲ್ಲ. ಇಂಗ್ಲಿಷು ಓದುವುದರಲ್ಲಾಗಲಿ ಬರೆಯುವುದರಲ್ಲಾಗಲಿ ಆಕೆಗೆ ಕೊರತೆಯಿರಲಿಲ್ಲ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು, ಅಂಗಡಿಯಲ್ಲಿ ತೆಲುಗು ಆಡಿ ಬೆಳೆದವಳಿಗೆ ಭಾಷೆಯ ಭಯವೂ ಇರಲಿಲ್ಲ. ಆದರೂ ಅಲ್ಲಿ ಹೋದ ಎರಡನೆಯ ತಿಂಗಳಲ್ಲಿ ಆಕೆಯ ಮೌನವು ಒಂದು ಅನರ್ಥಕ್ಕೆ ಕಾರಣವಾಯಿತು.

ಆಕೆಯೂ ಒಬ್ಬ ಸಹಪಾಠಿಯೂ ಒಂದು ವಾರ ಚಳಿಯಲ್ಲಿ ಅಲೆದು ಬಾವಿಗಳಿಂದಲೂ ತೊರೆಗಳಿಂದಲೂ ನೀರನ್ನು ಸೀಸೆಗಳಲ್ಲಿ ತುಂಬಿ ತಂದಿದ್ದರು. ನೀರಿನಲ್ಲಿರುವ ಲೋಹಗಳನ್ನು ಅಳೆಯಬೇಕಾದರೆ ಸೀಸೆಗೆ ಕೊಂಚ ನೈಟ್ರಿಕ್ ಆಮ್ಲವನ್ನು ಹಾಕಿಡುವುದು ವಾಡಿಕೆ. ಹಾಕದಿದ್ದರೆ ಲೋಹವು ಸೀಸೆಯ ಒಳಮೈಗೆ ಅಂಟಿಕೊಳ್ಳುತ್ತದೆ. ಆದರೆ ನೈಟ್ರೇಟನ್ನು ಅಳೆಯಬೇಕಾದ ಸೀಸೆಗೆ ಅದನ್ನು ಹಾಕಿದರೆ ಕೆಲಸವೇ ಕೆಟ್ಟಿತು, ಏಕೆಂದರೆ ಆ ಆಮ್ಲವೇ ನೀರಿಗೆ ನೈಟ್ರೇಟನ್ನು ಸೇರಿಸುತ್ತದೆ. ಅಧ್ಯಾಪಕರು ಇದನ್ನು ತಮ್ಮ ಊರಿನ ಉಚ್ಚಾರಣೆಯಲ್ಲಿ ವೇಗವಾಗಿ ಹೇಳಿ "ತಿಳಿಯಿತಷ್ಟೆ?" ಎಂದರು. ಹುಡುಗಿಗೆ ಅರ್ಧವೂ ಕಿವಿಗೆ ಬಿದ್ದಿರಲಿಲ್ಲ. ಮತ್ತೆ ಕೇಳಿದರೆ ದಡ್ಡಳೆಂದುಕೊಂಡಾರು ಎಂದು ನಕ್ಕು ತಲೆಯಾಡಿಸಿದಳು. ಎಲ್ಲ ಸೀಸೆಗಳಿಗೂ ಆಮ್ಲವನ್ನು ಹಾಕಿದಳು. ತನ್ನ ಶ್ರಮ ಮಾತ್ರವಲ್ಲದೆ ಸಹಪಾಠಿಯ ಶ್ರಮವೂ ನೀರುಪಾಲಾಯಿತು. ಅಧ್ಯಾಪಕರು ಸಿಟ್ಟು ಮಾಡಲಿಲ್ಲ. "ತಿಳಿಯದಿದ್ದರೆ ಕೇಳಬಹುದಾಗಿತ್ತಲ್ಲ?" ಎಂದರಷ್ಟೆ. ಆ ಪ್ರಶ್ನೆಗೆ ಹುಡುಗಿಯಲ್ಲಿ ಉತ್ತರವಿರಲಿಲ್ಲ. ಸಾಲದ ಹಣವನ್ನು ದಂಡ ಮಾಡಿ ಹಿಂದಿರುಗಿಬಿಡೋಣವೆಂದೇ ಆಕೆ ಆ ರಾತ್ರಿ ಯೋಚಿಸಿದ್ದಳಂತೆ.

ಮರುದಿನ ಮನೆಗೆ ದೂರವಾಣಿಯಲ್ಲಿ ಮಾತನಾಡುವಾಗ ತಾಯಿಯು ಎಂದಿನಂತೆ "ಹೇಗಿದ್ದೀಯೆ?" ಎಂದರು. ಹುಡುಗಿಯೂ ಎಂದಿನಂತೆ "ಚೆನ್ನಾಗಿದ್ದೇನಮ್ಮ" ಎಂದಳು. ಪಕ್ಕದಲ್ಲಿ ಕುಳಿತಿದ್ದ ತಾತನು ಯಂತ್ರವನ್ನು ಕೈಗೆ ತೆಗೆದುಕೊಂಡು, "ಗಂಟೆ ಸರಿಯಾಗಿ ಕೇಳಿಸಲಿಲ್ಲ ಕಂದ, ಇನ್ನೊಂದು ಸಲ ಹೊಡೆ" ಎಂದರು. ಹುಡುಗಿ ಬಿಕ್ಕಿ ಬಿಕ್ಕಿ ಅತ್ತು ನಡೆದುದನ್ನೆಲ್ಲ ಹೇಳಿದಳು.

ಆ ಮಾತಿನ ಅರ್ಥವೇನೆಂದು ನಾವು ಕೇಳಲಾಗಿ ಮುದುಕರು ಉತ್ಸಾಹದಿಂದ ವಿವರಿಸಿದರು. ಚಾಂಪಿಯನ್ ರೀಫ್ ಗಣಿಯು 3 ಕಿಲೋಮೀಟರಿಗೂ ಹೆಚ್ಚು ಆಳವಾದುದು. ಕೇಜು ಎಂದು ಕರೆಯುವ ಕಬ್ಬಿಣದ ಗೂಡಿನಲ್ಲಿ ಜನರನ್ನು ಇಳಿಸುವವನು ನೆಲದ ಮೇಲೆ ಯಂತ್ರದ ಬಳಿ ಕುಳಿತಿರುತ್ತಾನೆ. ಕೆಳಗೆ ಯಾರು ಹತ್ತಿದರು, ಯಾರ ಕಾಲು ಇನ್ನೂ ಹೊರಗಿದೆ ಎಂಬುದು ಅವನ ಕಣ್ಣಿಗೆ ಬೀಳುವಂತಿಲ್ಲ. ಅವನಿಗೆ ಆಧಾರ ಗಂಟೆಯೊಂದೇ. ಓಡುವ ಕೇಜನ್ನು ನಿಲ್ಲಿಸಲು ಒಂದು ಹೊಡೆತ, ಇಳಿಸಲು ಎರಡು, ಜನರು ಹತ್ತಲಿದ್ದಾರೆಂದು ತಿಳಿಸಲು ಮೂರು. ಕೆಳಗಿನವನು ಮೂರು ಹೊಡೆದರೆ ಸಾಲದು. ಮೇಲಿನಿಂದಲೂ ಮೂರು ಮರಳಿ ಬರಬೇಕು. "ಮರುಗಂಟೆ ಬಾರದೆ ಯಾರೂ ಕೇಜಿಗೆ ಕಾಲಿಡುವಂತಿರಲಿಲ್ಲ. ಸರಿಯಾಗಿ ಕೇಳಿಸದಿದ್ದರೆ ಮತ್ತೆ ಹೊಡೆಯುತ್ತಿದ್ದೆವು. ಅದರಲ್ಲಿ ನಾಚಿಕೆ ಏನು ಬಂತು ಸ್ವಾಮಿ? ನಾಚಿದರೆ ಹೆಣ ಬೀಳುತ್ತಿತ್ತು" ಎಂದರು.

ಈ ಮಾತನ್ನು ನಾವು ಆಗಾಗ ನೆನೆಯುತ್ತಲೇ ಇದ್ದೇವೆ. 1880ರಿಂದ ಜಾನ್ ಟೇಲರ್ ಅಂಡ್ ಸನ್ಸ್ ಕಂಪೆನಿಯವರು ಗಣಿಗಳನ್ನು ನಡೆಸಲಾರಂಭಿಸಿದಾಗ ಕಾರ್ನ್‌ವಾಲ್ ಪ್ರಾಂತದ ಗಣಿಗಾರರು ಇಂಗ್ಲೆಂಡಿನಿಂದ ಬಂದರು. ತಮಿಳು ನಾಡಿನಿಂದಲೂ ತೆಲುಗು ನಾಡಿನಿಂದಲೂ ಸಾವಿರಾರು ಜನ ಕೂಲಿಗಾಗಿ ಬಂದರು. 1965ರಲ್ಲಿ ಇದೇ ಚಾಂಪಿಯನ್ ರೀಫಿನ ಆಳದಲ್ಲಿ ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರೂ, ಜಪಾನಿನ ಒಸಾಕಾ ಸಿಟಿ ವಿಶ್ವವಿದ್ಯಾನಿಲಯದವರೂ, ಇಂಗ್ಲೆಂಡಿನ ಡರ್ಹಮ್ ವಿಶ್ವವಿದ್ಯಾನಿಲಯದವರೂ ಕೂಡಿ ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೋ ಎಂಬ ಅತಿಸೂಕ್ಷ್ಮ ಕಣದ ಗುರುತನ್ನು ಹಿಡಿದರು. ಇವರೆಲ್ಲರ ಮನೆಮಾತುಗಳು ಬೇರೆ ಬೇರೆ. ಆದರೆ ಕೇಜಿನ ಬಾಗಿಲಲ್ಲಿ ಎಲ್ಲರಿಗೂ ಒಂದೇ ನಿಯಮ: ಹೇಳಿದ್ದು ತಲುಪಿತೆಂದು ತಿಳಿಯುವ ತನಕ ಹೇಳಿದಂತಾಗಲಿಲ್ಲ. ಮಾತುಗಾರಿಕೆಯೆಂಬ ವಿದ್ಯೆಯ ಸಾರವೆಲ್ಲ ಇಷ್ಟರಲ್ಲಿಯೇ ಅಡಗಿದೆಯೆಂದು ನಮಗೆ ತೋರುತ್ತದೆ.

ಅಂದಿನಿಂದ ಹುಡುಗಿ ಒಂದು ವ್ರತವನ್ನು ಹಿಡಿದಳು. ಯಾರು ಏನು ಹೇಳಿದರೂ ಅದನ್ನು ತನ್ನ ಮಾತಿನಲ್ಲಿ ತಿರುಗಿಸಿ ಹೇಳುವುದು: "ಈ ಸೀಸೆಗೆ ಹಾಕಬೇಕು, ಆ ಸೀಸೆಗೆ ಹಾಕಬಾರದು, ಹೀಗೆಯೇ ತಾವು ಹೇಳಿದ್ದು?" ಮೊದಮೊದಲು ಮುಖ ಕೆಂಪೇರುತ್ತಿದ್ದಿತಂತೆ. ವಾರ ಕಳೆಯುವುದರೊಳಗೆ ಆಕೆಗೆ ಒಂದು ಆಶ್ಚರ್ಯ ಕಾದಿತ್ತು. ಆ ದೇಶದಲ್ಲಿಯೇ ಹುಟ್ಟಿದ ಸಹಪಾಠಿಗಳು ಕೂಡ ಅನೇಕ ಸಲ ಅಧ್ಯಾಪಕರ ಮಾತನ್ನು ಅರಿಯದೆ ಸುಮ್ಮನಿರುತ್ತಿದ್ದರು. ಈಕೆ ಕೇಳಿದುದರಿಂದ ಅವರಿಗೂ ತಿಳಿಯುತ್ತಿದ್ದಿತು. ಇನ್ನೊಂದು ಸಂಗತಿಯೂ ಗೊತ್ತಾಯಿತು. ಹೌದೆನ್ನುವುದಕ್ಕೆ ನಾವು ತಲೆಯನ್ನು ಅತ್ತ ಇತ್ತ ಓಲಾಡಿಸುತ್ತೇವಷ್ಟೆ. ಅಲ್ಲಿಯವರು ಅದನ್ನು ಅಲ್ಲವೆಂದೋ ಅನುಮಾನವೆಂದೋ ತಿಳಿದುಕೊಳ್ಳುತ್ತಿದ್ದರು. ಆದುದರಿಂದ ಆಕೆ ತಲೆಯ ಕೆಲಸವನ್ನು ಬಾಯಿಗೆ ಒಪ್ಪಿಸಿದಳು.

ವರ್ಷದ ಕೊನೆಗೆ ತರಗತಿಯ ಮುಂದೆ ನಿಂತು ಭಾಷಣ ಮಾಡುವ ಸರದಿ ಬಂದಿತು. ಪುಸ್ತಕದಿಂದ ಆಯ್ದು ಬರೆದುಕೊಂಡುದನ್ನು ಮೊದಲು ಕೋಣೆಯಲ್ಲಿ ಓದಿ ನೋಡಿದಳು, ತನಗೇ ರುಚಿಸಲಿಲ್ಲ. ಅದನ್ನು ಹರಿದು ಹಾಕಿ, ಸಾವಿರ ಅಡಿ ಕೊರೆದರೂ ನೀರು ಕಾಣದ ಕೋಲಾರದ ಕೊಳವೆಬಾವಿಗಳ ಕಥೆಯನ್ನು ಹೇಳಿದಳು. ಬೆಂಗಳೂರಿನ ಕೊಳಚೆಯ ನೀರನ್ನು ಶುದ್ಧಿ ಮಾಡಿ 2018ರಿಂದ ಕೋಲಾರದ ಕೆರೆಗಳಿಗೆ ಹರಿಸುತ್ತಿರುವುದನ್ನೂ, ಆ ನೀರು ಇಂಗುವಾಗ ಏನೇನನ್ನು ಪರೀಕ್ಷಿಸಬೇಕೆಂಬುದನ್ನೂ ವಿವರಿಸಿದಳು. ಕೆರೆ ಎಂದರೇನೆಂದು ಅರಿಯದವರಿಗಾಗಿ ಹಲಗೆಯ ಮೇಲೆ ಏರಿ, ತೂಬು, ಕೋಡಿಗಳನ್ನು ಬರೆದು ತೋರಿಸಿದಳು. ನಡುನಡುವೆ ನಿಲ್ಲಿಸಿ "ಇಲ್ಲಿಯವರೆಗೆ ತಿಳಿಯಿತೆ?" ಎಂದು ಕೇಳಿದಳು. ಭಾಷಣ ಮುಗಿದ ಮೇಲೆ ಪ್ರಶ್ನೆಗಳ ಮೇಲೆ ಪ್ರಶ್ನೆಗಳು ಬಂದುವಂತೆ. "ಅಷ್ಟೂ ಮರುಗಂಟೆಗಳೇ" ಎಂದು ಹುಡುಗಿ ನಕ್ಕಳು. ಉಚ್ಚಾರಣೆ ಮಾತ್ರ ಇಂದಿಗೂ ಮಾರಿಕುಪ್ಪದ್ದೇ.

ಇದು ಒಬ್ಬ ಹುಡುಗಿಯ ಕಥೆಯಾಯಿತು. ದೊಡ್ಡವರ ಕಥೆಯೂ ಹೆಚ್ಚು ಬೇರೆಯಲ್ಲ. 1888ರಲ್ಲಿ ಗಾಂಧಿಯವರು ಓದುವುದಕ್ಕಾಗಿ ಲಂಡನ್ನಿಗೆ ಹಡಗು ಹತ್ತಿದಾಗ ಯಾವ ಊಟದಲ್ಲಿ ಮಾಂಸವಿಲ್ಲವೆಂದು ಕೇಳಲೂ ಸಂಕೋಚಪಟ್ಟು, ತಾವು ತಂದಿದ್ದ ತಿಂಡಿ ಹಣ್ಣುಗಳನ್ನು ಕೋಣೆಯಲ್ಲಿ ಕುಳಿತು ತಿಂದರು. ಲಂಡನ್ನಿನಲ್ಲಿ ಭಾಷಣಕಲೆಗೆ ಗುರುವನ್ನು ಹಿಡಿದು, ಸ್ವಲ್ಪ ಕಾಲದಲ್ಲಿಯೇ ಬಿಟ್ಟರು. ಸಸ್ಯಾಹಾರಿಗಳ ಸಂಘದಲ್ಲಿ ತಮ್ಮ ಅಭಿಪ್ರಾಯವನ್ನು ಬರೆದುಕೊಂಡು ಹೋದರೂ ಅದನ್ನು ಇನ್ನೊಬ್ಬರು ಓದಬೇಕಾಯಿತು. ಅದೇ ಗಾಂಧಿಯವರು 1893ರಲ್ಲಿ ದಕ್ಷಿಣ ಆಫ್ರಿಕದ ಪ್ರಿಟೋರಿಯದಲ್ಲಿ ಭಾರತೀಯ ವರ್ತಕರ ಸಭೆಯಲ್ಲಿ ವ್ಯಾಪಾರದಲ್ಲಿ ಸತ್ಯವನ್ನು ನಡೆಸುವ ವಿಷಯವಾಗಿ ನಿಂತು ಮಾತನಾಡಿದರು. ಗುರುವಿನಿಂದ ಬಾರದ ಮಾತು, ಕೇಳುವವರಿಗೆ ಬೇಕಾದುದನ್ನು ಹೇಳಬೇಕೆಂಬ ಹಂಬಲದಿಂದ ಬಂದಿತು. ತಮ್ಮ ಸಂಕೋಚವು ಮಾತಿನಲ್ಲಿ ಮಿತವನ್ನು ಕಲಿಸಿತೆಂದು ಅವರೇ ಮುಂದೆ ಬರೆದಿದ್ದಾರೆ.

ನಮ್ಮವರೇ ಆದ ಯು. ಆರ್. ಅನಂತಮೂರ್ತಿಯವರು 1963ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿಗೆ ಓದಲು ಹೋದರು. ಒಮ್ಮೆ ತಮ್ಮ ಗುರುಗಳಾದ ಮಾಲ್ಕಂ ಬ್ರ್ಯಾಡ್‌ಬರಿಯವರೊಡನೆ ಸ್ವೀಡನ್ನಿನ ನಿರ್ದೇಶಕ ಬರ್ಗ್‌ಮನ್ನರ ಒಂದು ಚಲಚ್ಚಿತ್ರವನ್ನು ನೋಡಿದರು. ಯೂರೋಪಿನವನು ಪುಸ್ತಕಗಳಿಂದ ಕಟ್ಟಿಕೊಳ್ಳಬೇಕಾದ ಪ್ರಾಚೀನ ಕಾಲವು ಭಾರತೀಯನಿಗೆ ಕಣ್ಣೆದುರಿಗೇ ಇದೆಯೆಂಬ ಮಾತು ಅವರಿಬ್ಬರ ನಡುವೆ ಬಂದಿತು. ಅದರಿಂದ ಪ್ರೇರಿತರಾಗಿ ಅವರು ಅಲ್ಲಿಯೇ ಕುಳಿತು ಕನ್ನಡದಲ್ಲಿ 'ಸಂಸ್ಕಾರ'ವನ್ನು ಬರೆದರು. 1965ರಲ್ಲಿ ಅದು ಅಚ್ಚಾಯಿತು. ಪರದೇಶದಲ್ಲಿ ಮಾತು ಬೆಳೆಯುವುದೆಂದರೆ ಮನೆಮಾತು ಕುಗ್ಗುವುದೆಂದು ಅರ್ಥವಲ್ಲ. ಪರರೊಡನೆ ಮಾತು ನಡೆಸಿದಾಗಲೇ ನಮ್ಮಲ್ಲಿ ಹೇಳತಕ್ಕುದು ಏನಿದೆಯೆಂಬುದು ನಮಗೆ ತಿಳಿಯುವುದೂ ಉಂಟು.

ಕಾಗದ ಬರೆದ ತಾಯಿಗೆ ನಾವು ಹೇಳತಕ್ಕುದೇನೆಂದರೆ: ಈ ಮೂರು ತಿಂಗಳಲ್ಲಿ ಉಚ್ಚಾರಣೆಯ ಪಾಠಕ್ಕೆಂದು ಹಣ ಸುರಿಯುವುದು ಬೇಡ. ಮಗನನ್ನು ಬ್ಯಾಂಕಿಗೂ ಅಂಚೆಮನೆಗೂ ಒಬ್ಬನನ್ನೇ ಕಳುಹಿಸಿ. ಕೆಲಸ ಮುಗಿಸಿ ಬಂದ ಮೇಲೆ ಅಲ್ಲಿ ಏನು ಹೇಳಿದರೆಂದು ಅವನ ಮಾತಿನಲ್ಲಿಯೇ ಹೇಳಿಸಿ. ಅವನು ಓದುವ ವಿಷಯವನ್ನು ಪುಸ್ತಕದ ಪದಗಳಿಲ್ಲದೆ ಅಜ್ಜಿಗೆ ತಿಳಿಯುವಂತೆ ವಿವರಿಸಲಿ. ಅಜ್ಜಿಯೂ ತಿಳಿಯದ ಕಡೆ ತಡೆದು ಕೇಳಲಿ. ಎಲ್ಲಕ್ಕಿಂತ ಮುಖ್ಯವಾದುದೊಂದಿದೆ. ನಮ್ಮ ಮನೆಗಳಲ್ಲಿ ಮಗುವು "ಏಕೆ?" ಎಂದರೆ ಎದುರುತ್ತರವೆಂದು ಗದರಿಸುತ್ತೇವೆ, "ಅರ್ಥವಾಗಲಿಲ್ಲ" ಎಂದರೆ ಪಕ್ಕದ ಮನೆಯ ಮಗುವನ್ನು ತೋರಿಸುತ್ತೇವೆ. ಹದಿನೆಂಟು ವರ್ಷ ಹೀಗೆ ಬಾಯಿ ಕಟ್ಟಿ ಬೆಳೆಸಿ, ವಿಮಾನ ಹತ್ತಿಸಿದೊಡನೆ ಬಾಯಿ ಬಿಡೆಂದರೆ ಅವನೇನು ಮಾಡಿಯಾನು? ತಿಳಿಯದೆಂದು ಹೇಳುವುದಕ್ಕೆ ಅವನಿಗೆ ಮನೆಯಲ್ಲಿಯೇ ಧೈರ್ಯ ಬರಲಿ. ಅವನು ಹೋದ ಮೇಲೆ ನೀವೂ "ಚೆನ್ನಾಗಿದ್ದೇನೆ" ಎಂಬ ಒಂದು ಮಾತಿಗೆ ತೃಪ್ತರಾಗದೆ ಇನ್ನೊಮ್ಮೆ ಕೇಳಿ.

ಸಂಜೆಯ ಗಾಡಿಗೆ ನಾವು ಹೊರಟಾಗ ತಾತನು ಮೊಮ್ಮಗಳೊಡನೆ ನಿಲ್ದಾಣದ ತನಕ ಬಂದರು. "ತಲುಪಿದ ಕೂಡಲೆ ತಿಳಿಸಿ" ಎಂದರು. ನಾವು ಮನೆ ಸೇರಿದಾಗ ರಾತ್ರಿ ಬಹಳವಾಗಿದ್ದಿತು, ಬೆಳಿಗ್ಗೆ ತಿಳಿಸಿದರಾಯಿತೆಂದುಕೊಂಡೆವು. ಮತ್ತೆ ಮನಸ್ಸು ತಡೆಯದೆ ಆಗಲೇ ಎರಡು ಸಾಲಿನ ಸಂದೇಶವನ್ನು ಕಳುಹಿಸಿದೆವು. ಮಾರಿಕುಪ್ಪದ ಆ ಮನೆಯಲ್ಲಿ ಯಾರೂ ಇನ್ನೂ ಮಲಗಿರಲಿಲ್ಲ. ಮರುಕ್ಷಣವೇ ಉತ್ತರ ಬಂದಿತು.